ಹಸಿರು ನೀರಿಗೆ ಅದ್ದಿದ ಲಡಿ

ನಮ್ಮ ಮನೆಯಲ್ಲಿ ಮಗ್ಗ ಯಜಮಾನರದು, ನೂಲಿಗೆ ಬಣ್ಣ ಹಾಕುವ ಕೆಲಸ ನನ್ನದು. ಮಕ್ತಲದಿಂದ ಮದುವೆಯಾಗಿ ನಾರಾಯಣಪೇಟೆಗೆ ಬಂದ ಮೊದಲ ತಿಂಗಳೇ ಅತ್ತೆ ನನ್ನನ್ನು ಬಣ್ಣದ ಒಲೆಯ ಮುಂದೆ ಕೂಡಿಸಿ ಒಂದು ಪಾಠ ಹೇಳಿದ್ದರು. ಯಾವ ಬಣ್ಣವನ್ನೂ ಕಣ್ಣಿನಿಂದ ನಂಬಬೇಡ. ಒಂದು ಬಿಳಿ ಲಡಿ ಅದ್ದು, ನೆರಳಲ್ಲಿ ಒಣಗಿಸು, ಆಮೇಲೆ ಸಬಕಾರದ ನೀರಲ್ಲಿ ತಿಕ್ಕು. ನೂಲಿನಲ್ಲಿ ನಿಂತರೆ ಖರೇ ಬಣ್ಣ, ನೀರಿಗೆ ಬಂದರೆ ಕಳ್ಳ ಬಣ್ಣ. ಲಡಿ ಅಂದರೆ ನೂಲಿನ ಸಣ್ಣ ಕಟ್ಟು, ಸಬಕಾರ ಅಂದರೆ ಸಾಬೂನು. ಅತ್ತೆ ಹೋಗಿ ವರ್ಷಗಳಾದವು, ಪಾಠ ಮಾತ್ರ ನನ್ನ ಕೈಯಲ್ಲಿ ಉಳಿಯಿತು.

ಕೈಯಲ್ಲಿ ಉಳಿದದ್ದು ತಲೆಗೂ ಏರಿತು ಅನ್ನಬೇಕು. ಅಂಗಡಿಯಿಂದ ಹಸಿರು ಬಟಾಣಿ ತಂದರೆ ಬಿಳಿ ಬಟ್ಟೆಗೆ ತಿಕ್ಕಿ ನೋಡುತ್ತೇನೆ. ಅರಿಶಿನದ ಪುಡಿಯನ್ನು ನೀರಿಗೆ ಹಾಕಿ ತಳಕ್ಕೆ ಎಷ್ಟು ಇಳಿಯಿತು ಎಂದು ಕಾಯುತ್ತೇನೆ. ಕಲ್ಲಂಗಡಿ ಕೊಯ್ದು ಕೊಟ್ಟವನ ಎದುರಿಗೇ ಹತ್ತಿ ಉಂಡೆ ಒತ್ತಿ ನೋಡಿ ಬೈಸಿಕೊಂಡಿದ್ದೇನೆ. ಎಷ್ಟೋ ಸಲ ನನ್ನ ಸಂಶಯವೇ ಸರಿಯಾಗಿದೆ, ಅದೇ ನನ್ನನ್ನು ಕೆಡಿಸಿತು. ಹತ್ತು ಸಲ ಗೆದ್ದವಳಿಗೆ ಹನ್ನೊಂದನೆಯ ಸಲ ಯೋಚಿಸಬೇಕು ಅಂತ ಅನ್ನಿಸುವುದಿಲ್ಲ.

ನಮ್ಮ ಯಜಮಾನರು ನನಗೆ ತದ್ವಿರುದ್ಧ. ತಕ್ಕಡಿ ಕಡೆ ನೋಡದೆ ತರಕಾರಿ ಚೀಲ ಹಿಡಿಯುವ ಮನುಷ್ಯ. ಅವರ ಪಾಲಿನ ಸಂಶಯವನ್ನೂ ನಾನೇ ಹೊತ್ತುಕೊಂಡು ಸಂಸಾರ ನಡೆಸಿದ್ದೇನೆ ಎಂದು ಆಗಾಗ ಹೇಳುತ್ತಿದ್ದೆ. ಅವರು ನಗುತ್ತಿದ್ದರು.

ನಮ್ಮದು ಒಂದು ಹಳೆಯ ಕಾರು, ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡದ್ದು. ತಿಂಗಳಿಗೆ ಎರಡು ಸಲ ಹಿಂದಿನ ಸೀಟಿನ ತುಂಬ ಸೀರೆಗಳ ಗಂಟು ಹೇರಿಕೊಂಡು, ಮಕ್ತಲದ ಮೇಲಿಂದ, ಕೃಷ್ಣೆಯ ಜೂರಾಲ ಅಣೆಕಟ್ಟೆ ದಾಟಿ ಗದ್ವಾಲಕ್ಕೆ ಹೋಗುತ್ತೇವೆ. ಬೇಸಿಗೆಯಲ್ಲಿ ಆ ದಾರಿಯಲ್ಲಿ ಕಾರಿನ ಶಾಖದ ಮುಳ್ಳು ಮೇಲಕ್ಕೇರುತ್ತಿತ್ತು. ಯಜಮಾನರು ನಿಲ್ಲಿಸಿ, ಆರಿದ ಮೇಲೆ ಬೋರಿನ ನೀರು ಸುರಿಯುತ್ತಿದ್ದರು. ಹೀಗೇ ಮೂರು ಬೇಸಿಗೆ ಕಳೆದವು.

ಮಕ್ತಲದಲ್ಲಿ ರಾಯಚೂರು ರಸ್ತೆಯ ಮಗ್ಗುಲಿಗೆ ಗಾಡಿ ರಿಪೇರಿಯ ಒಬ್ಬ ಮಿಸ್ತ್ರಿ ಇದ್ದಾನೆ. ನನ್ನ ತವರಿನ ಓಣಿಯವನೇ, ನನಗಿಂತ ಚಿಕ್ಕವನು, ನನ್ನನ್ನು ಅಕ್ಕಾ ಅನ್ನುತ್ತಾನೆ. ತಗಡಿನ ಶೆಡ್ಡು, ಅದರಲ್ಲಿ ಒಬ್ಬನೇ ಕೆಲಸ ಮಾಡುತ್ತಾನೆ. ಮಾತು ಕಡಿಮೆ. ಕಳೆದ ಬೇಸಿಗೆಗೆ ಮುಂಚೆ ಅವನು ನಮ್ಮ ಕಾರಿನ ರೇಡಿಯೇಟರ್ ಬಿಚ್ಚಿ, ಒಳಗೆ ಸವಳು ನೀರಿನ ಬಿಳಿ ಪದರು ಕಟ್ಟಿದ್ದನ್ನು ಬೆರಳಿಂದ ಕೆರೆದು ತೋರಿಸಿದ. ಇನ್ನು ಮೇಲೆ ಬೋರಿನ ನೀರು ಬೇಡ, ಇಂಜಿನ್ ತಣ್ಣಗಿಡುವ ಕೂಲಂಟ್ ಹಾಕುತ್ತೇನೆ ಅಂದ. ಯಜಮಾನರು ಹೂಂ ಅಂದರು.

ಆ ಹೊತ್ತಿಗೆ ಮಿಸ್ತ್ರಿಗೆ ಒಂದು ದೊಡ್ಡ ಆಸೆ ಇತ್ತು, ಅದು ನಮಗೂ ಗೊತ್ತಿತ್ತು. ನಮ್ಮ ನೇಕಾರರ ಸಂಘಕ್ಕೆ ಎರಡು ಸಾಮಾನು ಗಾಡಿಗಳಿವೆ. ಅವುಗಳ ವರ್ಷದ ರಿಪೇರಿ ಕೆಲಸವನ್ನು ಒಬ್ಬರಿಗೇ ವಹಿಸಬೇಕು ಎಂದು ಮಾತು ನಡೆದಿತ್ತು. ಇವನ ಹೆಸರು ಸೂಚಿಸಿದವರೇ ನಮ್ಮ ಯಜಮಾನರು. ರಸ್ತೆಯಲ್ಲಿ ಯಾರದಾದರೂ ಗಾಡಿ ಕೆಟ್ಟು ನಿಂತರೆ ಮಾತ್ರ ಇವನ ಮನೆಯ ಒಲೆ ಹೊತ್ತುವಂಥ ಬದುಕು. ಸಂಘದ ಕೆಲಸ ಸಿಕ್ಕರೆ ತಿಂಗಳು ತಿಂಗಳು ನಿಶ್ಚಿಂತೆ. ಆ ಆಸೆಗೇ ಅವನು ಶೆಡ್ಡಿನ ನೆಲಕ್ಕೆ ಸಿಮೆಂಟು ಹಾಕಿಸಿದ್ದ.

ಕೂಲಂಟ್ ಹಾಕುವ ದಿನ ನಾನೂ ಹೋಗಿ ಸ್ಟೂಲಿನ ಮೇಲೆ ಕುಳಿತೆ. ಡಬ್ಬಿಯ ಮೇಲೆ ಹಿಮದ ಬೆಟ್ಟದ ಚಿತ್ರ. ಏನು ಬರೆದಿದೆ ಎಂದು ಯಜಮಾನರನ್ನು ಕೇಳಿದೆ. ನೀರು ಗಡ್ಡೆಗಟ್ಟದ ಹಾಗೆ ಕಾಯುತ್ತದಂತೆ ಅಂದರು. ಅಲ್ಲಿಗೆ ನನ್ನ ಕಿವಿ ನೆಟ್ಟಗಾದವು. ಮಕ್ತಲದಲ್ಲಿ ನೀರು ಗಡ್ಡೆಗಟ್ಟಿದ್ದನ್ನು ಕಂಡವರು ಯಾರು? ಮೇ ತಿಂಗಳಲ್ಲಿ ನಮ್ಮ ಕೊಡದ ನೀರೇ ಕೈ ಸುಡುತ್ತದೆ. ಹಿಮಾಲಯದವರಿಗೆ ಮಾಡಿದ್ದನ್ನು ನಮ್ಮ ತಲೆಗೆ ಕಟ್ಟುತ್ತಿದ್ದಾನೆ ಅಂದುಕೊಂಡೆ. ಮಿಸ್ತ್ರಿ ಏನೋ ವಿವರ ಹೇಳಿದ. ಇದು ಬೆರೆತರೆ ನೀರು ಬೇಗ ಕುದಿಯುವುದಿಲ್ಲ, ಒಳಗೆ ತುಕ್ಕು ಹಿಡಿಯುವುದಿಲ್ಲ, ಚಳಿಗೆ ಕಾಯುವುದೇ ಬಿಸಿಗೂ ಕಾಯುತ್ತದೆ ಅಂದ. ಒಂದೇ ಔಷಧ ಚಳಿಗೂ ಬಿಸಿಗೂ! ಸಂತೆಯಲ್ಲಿ ಬೇರು ಮಾರುವವರು ಹೇಳುವ ಮಾತಲ್ಲವೇ ಇದು ಎಂದು ನನ್ನೊಳಗೇ ಅಂದುಕೊಂಡೆ.

ಅಷ್ಟಕ್ಕೇ ನಿಂತಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಅವನು ಆ ಡಬ್ಬಿಯಿಂದ ನೇರ ಹಾಕಲಿಲ್ಲ. ಮೂಲೆಯಿಂದ ಚೀಟಿ ಕಿತ್ತ ಒಂದು ಹಳೆಯ ಕ್ಯಾನು ತಂದ. ಅದರಲ್ಲಿ ಹಸಿರು ನೀರು ಮೊದಲೇ ಕಲಸಿ ಇಟ್ಟಿದ್ದ. ಇದೇನು ಎಂದು ಕೇಳಿದರೆ, ಕೂಲಂಟ್ ಅರ್ಧ, ಬ್ಯಾಟರಿಗೆ ಹಾಕುವ ಶುದ್ಧ ನೀರು ಅರ್ಧ, ಹೀಗೇ ಬೆರೆಸಬೇಕು, ಬರೀ ಕೂಲಂಟ್ ಹಾಕಿದರೂ ಕೆಲಸ ಕೆಡುತ್ತದೆ ಅಂದ. ಅರ್ಧ ನೀರು ಬೆರೆಸಿದ್ದೇನೆ ಎಂದು ಬಾಯಿಬಿಟ್ಟು ಹೇಳುವ ಹಾಲಿನವನನ್ನು ನಾನು ಈವರೆಗೆ ಕಂಡಿರಲಿಲ್ಲ. ಇಷ್ಟು ಧೈರ್ಯವಾಗಿ ಹೇಳುತ್ತಾನೆಂದರೆ ಮುಕ್ಕಾಲು ನೀರೇ ಇರಬೇಕು ಎಂದು ಲೆಕ್ಕ ಹಾಕಿದೆ.

ಎರಡು ವಾರಕ್ಕೆ ಬಾನೆಟ್ಟಿನೊಳಗಿನ ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಸಿರು ನೀರು ಎರಡು ಬೆರಳು ಇಳಿದಿತ್ತು. ಹೊಸದಾಗಿ ತುಂಬಿದಾಗ ಒಳಗಿನ ಗಾಳಿ ಹೊರಬಿದ್ದು ಹೀಗೆ ಇಳಿಯುತ್ತದೆ, ಮುಂದಿನ ಸಲ ಬಂದಾಗ ಅದನ್ನೇ ತುಂಬುತ್ತೇನೆ ಎಂದು ಅವನು ಮೊದಲೇ ಹೇಳಿದ್ದ. ಕಳ್ಳತನ ಬಯಲಾಗುವ ಮೊದಲೇ ಕಾರಣ ಹೇಳಿಟ್ಟಿದ್ದಾನೆ ಎಂದು ನನಗೆ ಅನ್ನಿಸಿತು. ನೋಡಿ, ಸಂಶಯ ಒಮ್ಮೆ ಒಳಗೆ ಬಂದು ಕುಳಿತರೆ ಎದುರಿನ ಮನುಷ್ಯ ಸರಿಯಾದ ಮಾತು ಹೇಳಿದರೂ ಅದಕ್ಕೇ ಮೇವಾಗುತ್ತದೆ.

ಯಜಮಾನರು ಸಂಘದ ಕಡೆಗೆ ಹೋದ ಒಂದು ಬೆಳಿಗ್ಗೆ, ತಣ್ಣಗೆ ನಿಂತ ಕಾರಿನ ಆ ಡಬ್ಬಿಯಿಂದ ಒಂದು ಬಟ್ಟಲು ಹಸಿರು ನೀರು ತೆಗೆದೆ. ಬಿಳಿ ಲಡಿಯನ್ನು ಅದರಲ್ಲಿ ಅದ್ದಿದೆ. ಎಷ್ಟು ಚಂದ ಹಸಿರು ಹಿಡಿಯಿತು ಅಂತೀರಿ! ಗಿಣಿ ಹಸಿರು. ನೆರಳಲ್ಲಿ ಒಣ ಹಾಕಿ, ಮಧ್ಯಾಹ್ನದ ಊಟ ಮುಗಿಸಿ, ಸಬಕಾರದ ನೀರಲ್ಲಿ ಎರಡು ಸಲ ತಿಕ್ಕಿದೆ. ಹಸಿರೆಲ್ಲ ನೀರಿಗೆ ಬಂತು. ಲಡಿ ಮತ್ತೆ ಬೆಳ್ಳಗಾಯಿತು.

ಕಳ್ಳ ಬಣ್ಣ. ನನಗೆ ಸಿಟ್ಟಿಗಿಂತ ಹೆಚ್ಚು ಸಂತೋಷವಾಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಹಿಡಿದೆ ಅನ್ನುವ ಸಂತೋಷ. ಸಂಜೆ ಯಜಮಾನರಿಗೆ ಲಡಿ ತೋರಿಸಿದೆ. ಅದು ಸೀರೆಯ ಬಣ್ಣವಲ್ಲ ಮಾರಾಯ್ತಿ, ಕಾರಿನೊಳಗೆ ಸಬಕಾರ ಯಾರು ಹಾಕುತ್ತಾರೆ ಅಂದರು. ನಿಮಗೆ ಯಾರು ಟೋಪಿ ಹಾಕಿದರೂ ಅದು ಕಿರೀಟವೇ ಎಂದು ನಾನು ಅಂದೆ. ಅವನನ್ನೇ ಒಮ್ಮೆ ಕೇಳಿಬಿಡು ಅಂದರು. ಕಳ್ಳನನ್ನು ಕೇಳಿದರೆ ಏನು ಹೇಳುತ್ತಾನೆಂದು ಕೇಳುವುದು? ಕೇಳಲಿಲ್ಲ.

ಕೇಳಬೇಕಾದವನನ್ನು ಬಿಟ್ಟು ಉಳಿದವರಿಗೆಲ್ಲ ಹೇಳಿದೆ. ಸಂಘದಲ್ಲಿ ನೂಲು ಹಂಚುವ ದಿನ ಸಾಲಿನಲ್ಲಿ ನಿಂತ ಹೆಂಗಸರ ಮುಂದೆ ಲಡಿ ಬಿಚ್ಚಿ ತೋರಿಸಿದೆ. ಅವರೆಲ್ಲ ಬಣ್ಣ ಬಲ್ಲವರು, ನನ್ನ ಪರೀಕ್ಷೆ ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಬಣ್ಣದ ನೀರು ಹಾಕಿ ಕಳಿಸುತ್ತಾನೆ ಅನ್ನುವ ಮಾತು ಸಾಲಿನ ಈ ತುದಿಯಿಂದ ಆ ತುದಿಗೆ ಹೋಗಿ, ಒಳಗೆ ಕುರ್ಚಿಯಲ್ಲಿ ಕುಳಿತಿದ್ದ ಅಧ್ಯಕ್ಷರನ್ನೂ ಮುಟ್ಟಿತು. ಅವರು ನನ್ನನ್ನು ಒಳಗೆ ಕರೆದು, ಖರೆ ಏನಮ್ಮಾ ಎಂದು ಕೇಳಿದರು. ಖರೆ ಅಂದೆ. ಬೇಕಾದರೆ ಲಡಿ ನೋಡಿ ಅಂದೆ.

ಮುಂದಿನ ವಾರ ಗದ್ವಾಲಕ್ಕೆ ಹೋದಾಗ, ಯಜಮಾನರು ಸೀರೆ ಅಂಗಡಿಯಲ್ಲಿ ಕುಳಿತಿದ್ದ ಹೊತ್ತಿನಲ್ಲಿ, ನಾನೇ ಬಿಡಿಭಾಗದ ಅಂಗಡಿಗೆ ಹೋಗಿ ಸೀಲಿದ್ದ ಒಂದು ಬಾಟಲಿ ಕೂಲಂಟ್ ತಂದೆ. ಅದು ಕೆಂಪು. ಯಾವ ಕಾರು, ಒಳಗೆ ಈಗ ಯಾವುದಿದೆ ಎಂದು ಅಂಗಡಿಯವನು ಕೇಳಿದ. ಒಳಗಿರುವುದು ಬರೀ ನೀರು ಅಂದೆ. ಎರಡು ದಿನ ಬಿಟ್ಟು ಮನೆಯಲ್ಲಿ, ಕಾರು ತಣ್ಣಗಿದ್ದಾಗ, ರೇಡಿಯೇಟರಿನ ಕೆಳಗಿನ ತಿರುಪು ಬಿಚ್ಚಿ, ನನ್ನ ಒಂದು ಬಾಟಲಿಗೆ ಜಾಗವಾಗುವಷ್ಟು, ಹಸಿರು ನೀರನ್ನು ಅರ್ಧದಷ್ಟು ಬಕೆಟ್ಟಿಗೆ ಇಳಿಸಿದೆ. ಉಳಿದರ್ಧಕ್ಕೆ ಕೆಂಪನ್ನು ಸುರಿದೆ. ನೀರು ಬೆರೆಸಲಿಲ್ಲ, ನಾನೇನು ಹಾಲಿನವಳೇ? ಯಜಮಾನರಿಗೆ ಆಮೇಲೆ ಹೇಳಿದೆ. ಅವರು ತಲೆ ಕೆರೆದುಕೊಂಡರು.

ಮಾರನೆಯ ದಿನ ಒಂದು ಸುತ್ತು ಹೋಗಿಬಂದ ಮೇಲೆ ಡಬ್ಬಿ ನೋಡಿದೆ. ನೀರು ಕಂದು ಬಣ್ಣವಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಆಗಲೇ ಗಾಬರಿಯಾಗುತ್ತಿದ್ದರು. ನನಗೆ ಗಾಬರಿಯಾಗಲಿಲ್ಲ. ಕೆಂಪಿಗೆ ಹಸಿರು ಬಿದ್ದರೆ ಕಂದೇ ಆಗಬೇಕು, ವಾರಕ್ಕೊಮ್ಮೆ ಬಣ್ಣ ಕಲಸುವ ನನ್ನ ಗಂಗಾಳದಲ್ಲೇ ನೋಡುತ್ತೇನೆ. ಲೆಕ್ಕ ಸರಿಬಂತು ಎಂದು ಬಾನೆಟ್ಟು ಮುಚ್ಚಿದೆ.

ಅದಾದ ಮೇಲಿನ ಗದ್ವಾಲದ ಸವಾರಿಯಲ್ಲಿ, ಕಟ್ಟೆ ದಾಟಿ ಧರೂರು ಇನ್ನೂ ಸ್ವಲ್ಪ ದೂರ ಇರುವಾಗ ಮುಳ್ಳು ಸರ್ರನೆ ಮೇಲಕ್ಕೆ ಹೋಯಿತು. ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ಯಜಮಾನರು ಕಾಲುವೆಯ ಮಗ್ಗುಲಿಗೆ ನಿಲ್ಲಿಸಿ, ಯಾರನ್ನೂ ಕೇಳದೆ, ಮಕ್ತಲದ ಮಿಸ್ತ್ರಿಗೆ ಫೋನು ಮಾಡಿದರು. ಬೇರೆ ಯಾರನ್ನಾದರೂ ಕರೆಯಿರಿ ಎಂದು ನಾನು ಗೊಣಗಿದೆ. ಬೇರೆ ಯಾರು ಬರ್ತಾರೆ ಅಂದರು. ಮುಚ್ಚಳಕ್ಕೆ ಕೈ ಹಚ್ಚಬೇಡಿ, ಸುಡುತ್ತದೆ, ನಾನು ಬರುವವರೆಗೆ ಹಾಗೇ ಬಿಡಿ ಎಂದನಂತೆ ಅವನು.

ಬಿಸಿಲಲ್ಲಿ ಬೈಕಿಗೆ ಎರಡು ಕ್ಯಾನು ನೀರು ಕಟ್ಟಿಕೊಂಡು ಬಂದ. ನನ್ನನ್ನು ನೋಡಿ ಎಂದಿನಂತೆ ಅಕ್ಕಾ ಅಂದ. ಊರಲ್ಲಿ ನಾನು ಆಡಿದ ಮಾತು ಅವನಿಗೆ ಮುಟ್ಟಿದೆಯೋ ಇಲ್ಲವೋ ಎಂದು ಅವನ ಮುಖ ನೋಡಿದೆ. ಏನೂ ತಿಳಿಯಲಿಲ್ಲ. ಮುಚ್ಚಳದ ಮೇಲೆ ಒದ್ದೆ ಗೋಣಿ ಹಾಕಿ ನಿಧಾನ ತಿರುವಿ ತೆಗೆದ. ಒಳಗೆ ಬೆರಳಾಡಿಸಿ ಹೊರಗೆ ತೆಗೆದಾಗ ಕಂದು ಬಣ್ಣದ ಗಂಜಿಯಂಥದ್ದು ಅಂಟಿಕೊಂಡು ಬಂತು. ನೀರಲ್ಲ, ಗಂಜಿ. ಅದನ್ನು ಹೆಬ್ಬೆರಳಿಂದ ತಿಕ್ಕಿ ನೋಡಿದ.

"ಇದರಾಗ ಕೆಂಪು ಯಾರು ಹಾಕ್ಯಾರ?" ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಅಂದರು, "ನಾನ ಹಾಕೀನಪ್ಪಾ. ಕಡಿಮಿ ಆಗಿತ್ತು ಅಂತ."

ನಾನು ಬಾಯಿ ಮುಚ್ಚಿಕೊಂಡೆ. ಈ ಬರಹದಲ್ಲಿ ಬರೆಯಲು ನನಗೆ ಎಲ್ಲಕ್ಕಿಂತ ಕಷ್ಟವಾದ ಸಾಲು ಇದೇ. ಇಷ್ಟು ವರ್ಷ ಯಾರ ಮುಂದೆಯೂ ಬಾಯಿ ಮುಚ್ಚದವಳು ಆ ಹೊತ್ತಿನಲ್ಲಿ ಮುಚ್ಚಿದೆ.

ಎರಡು ಬೇರೆ ಜಾತಿಯ ಕೂಲಂಟ್ ಬೆರೆಸಬಾರದು, ಕೆಲವು ಒಂದಕ್ಕೊಂದು ಕೂಡಿದರೆ ಹೀಗೆ ಗಟ್ಟಿಯಾಗಿ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂತುಬಿಡುತ್ತವೆ ಎಂದು ಅವನು ಯಜಮಾನರಿಗೆ ಹೇಳಿದ. ಹೇಳುತ್ತಲೇ ಕೆಳಗೆ ತಗಡಿನ ಡಬ್ಬ ಹಿಡಿದು ಆ ಗಂಜಿಯನ್ನೆಲ್ಲ ಇಳಿಸಿಕೊಂಡ. ಕಾಲುವೆಯ ಪಕ್ಕಕ್ಕೆ ಚೆಲ್ಲಿಬಿಡಪ್ಪಾ ಎಂದರು ಯಜಮಾನರು. ಬೇಡ, ಇದು ಸಿಹಿ ಇರುತ್ತದೆ, ದನ ನೆಕ್ಕಿದರೆ ಸಾಯುತ್ತವೆ ಎಂದು ಡಬ್ಬಕ್ಕೆ ಮುಚ್ಚಳ ಬಿಗಿದು ಬೈಕಿಗೆ ಕಟ್ಟಿದ. ಯಾರೂ ನೋಡದ ಜಾಗ, ನಾವಿಬ್ಬರು ಬಿಟ್ಟರೆ ಕಾಲುವೆಯ ಆಚೆ ಎಮ್ಮೆಗಳು. ಆಗ ನನಗೆ ಮನೆಯ ಆ ಬಕೆಟ್ಟು ನೆನಪಾಯಿತು. ನಾನು ಇಳಿಸಿದ ಹಸಿರು ನೀರನ್ನು ಹಿತ್ತಲ ಮೋರಿಗೆ ಚೆಲ್ಲಿದ್ದೆ. ನಮ್ಮ ಪುಣ್ಯ, ಓಣಿಯ ಯಾವ ಪ್ರಾಣಿಗೂ ಏನೂ ಆಗಲಿಲ್ಲ.

ಅವನು ಒಳಗೆ ನೀರು ತುಂಬುವುದು, ಇಳಿಸುವುದು, ಮತ್ತೆ ತುಂಬುವುದು ಮಾಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಆ ಹಸಿರು ಬಣ್ಣ ತೊಳೆದರೆ ಹೋಗುತ್ತದಲ್ಲ, ಅದು ಯಾಕೆ ಎಂದು ಕೇಳಿದೆ. ಏನೋ ಸುಮ್ಮನೆ ಕೇಳಿದವಳ ಹಾಗೆ ಕೇಳಿದೆ. ಅವನು ತಲೆ ಎತ್ತಲಿಲ್ಲ.

"ಕೂಲಂಟಿಗೆ ಅದರದ್ದ ಬಣ್ಣ ಇಲ್ಲರಿ ಅಕ್ಕಾ, ನೀರಿನಂಗ ಇರ್ತದ. ಎಲ್ಲಿ ಸೋರಾಕತ್ತೈತಿ ಕಾಣ್ಲಿ ಅಂತ ಕಂಪನಿಯವ್ರು ಬಣ್ಣ ಹಾಕ್ತಾರ. ನೂಲಿಗೆ ಹಿಡಿಯೋ ಬಣ್ಣ ಅಲ್ಲ ಅದು."

ನೂಲು ಅಂದ. ನಾನು ನೂಲಿನ ಮಾತೇ ಎತ್ತಿರಲಿಲ್ಲ. ಅಂದರೆ ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಬಿಸಿಲಲ್ಲಿ ಅಷ್ಟು ದೂರ ಬಂದಿದ್ದ. ಯಜಮಾನರು ಸುಳ್ಳು ಹೇಳಿದ್ದೂ ಅವನಿಗೆ ಗೊತ್ತಾಗಿರಬೇಕು. ನನಗೆ ನಾಚಿಕೆಯಾಯಿತು. ನಾಚಿಕೆ ಅಂದರೆ ಸಣ್ಣ ಮಾತಾಯಿತು, ಸೀರೆ ಗಂಟಿನ ಕೆಳಗೆ ಹುದುಗಿಕೊಳ್ಳುವ ಹಾಗಾಯಿತು.

ಅವತ್ತು ಅವನ ಹಿಂದೆ ಹಿಂದೆ ನಿಧಾನವಾಗಿ ಮಕ್ತಲಕ್ಕೆ ವಾಪಸು ಬಂದೆವು. ಕಾರನ್ನು ಶೆಡ್ಡಿನಲ್ಲಿ ಬಿಟ್ಟು ಬಸ್ಸಿನಲ್ಲಿ ನಾರಾಯಣಪೇಟೆಗೆ ಹೊರಟೆವು. ಬಸ್ಸಿನಲ್ಲಿ ಯಜಮಾನರು ಒಂದೇ ಮಾತು ಹೇಳಿದರು. ಸಂಘದವರು ಹಿಂದಿನ ವಾರವೇ ಗಾಡಿಗಳನ್ನು ನಾರಾಯಣಪೇಟೆಯ ಇನ್ನೊಬ್ಬ ಮಿಸ್ತ್ರಿಗೆ ಒಂದು ವರ್ಷಕ್ಕೆ ವಹಿಸಿಬಿಟ್ಟಿದ್ದಾರೆ. ನನಗೆ ಯಾಕೆ ಹೇಳಲಿಲ್ಲ ಅಂದೆ. ಹೇಳಿದ್ದರೆ ನೀನು ಖುಷಿಪಡುತ್ತಿದ್ದೆ ಅಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ನನಗೆ ಬೈದದ್ದು ಅಷ್ಟೇ, ಅದು ಸಾಕಾಗಿತ್ತು.

ಮರುದಿನವೇ ಸಂಘಕ್ಕೆ ಹೋದೆ. ನೂಲಿನ ದಿನವಲ್ಲವಾದ್ದರಿಂದ ಹೆಂಗಸರು ಕಡಿಮೆ ಇದ್ದರು, ಇದ್ದವರ ಮುಂದೆಯೇ ಅಧ್ಯಕ್ಷರಿಗೆ ಹೇಳಿದೆ. ನನ್ನ ಪರೀಕ್ಷೆ ತಪ್ಪು, ಆ ಬಣ್ಣ ನಿಲ್ಲುವ ಬಣ್ಣವೇ ಅಲ್ಲ, ಅವನು ಹಾಕಿದ್ದು ಸರಿಯಾದದ್ದೇ, ಕೆಡಿಸಿದವಳು ನಾನು ಅಂದೆ. ಅಧ್ಯಕ್ಷರು ಅಲ್ಲಿಯವರೆಗೆ ಕನ್ನಡದಲ್ಲಿ ಮಾತಾಡುತ್ತಿದ್ದವರು ತೆಲುಗಿಗೆ ತಿರುಗಿ "ಚೂದ್ದಾಂ" ಅಂದರು. ಅದರ ಅರ್ಥ ನೋಡೋಣ ಅಂತ. ನಮ್ಮ ಅಧ್ಯಕ್ಷರು ನೋಡೋಣ ಅಂದದ್ದನ್ನು ಆಮೇಲೆ ನೋಡಿದ್ದು ನನಗೆ ಗೊತ್ತಿಲ್ಲ. ಆಡಿದ ದಿನ ನನ್ನ ಮಾತು ಅಷ್ಟು ಬೇಗ ನಂಬಿದವರು, ಹಿಂದಕ್ಕೆ ತಗೊಂಡ ದಿನ ಯಾಕೋ ನಂಬಲಿಲ್ಲ. ಆ ಮಿಸ್ತ್ರಿ ತವರಿನ ಕಡೆಯವನಲ್ಲವೇ, ಅದಕ್ಕೇ ಮುಚ್ಚಿಹಾಕುತ್ತಿದ್ದಾಳೆ ಎಂದು ಒಬ್ಬಾಕೆ ಪಕ್ಕದವಳಿಗೆ ಹೇಳುವುದು ನನ್ನ ಕಿವಿಗೇ ಬಿತ್ತು.

ಕಾರು ತರಲು ಹೋದಾಗ ಮಿಸ್ತ್ರಿಗೂ ಹೇಳಿದೆ. ಶೆಡ್ಡಿನ ಮುಂದೆ ಇಬ್ಬರು ಆಟೋದವರು ಚಹಾ ಕುಡಿಯುತ್ತ ಕುಳಿತಿದ್ದರು. ಅವರು ಎದ್ದು ಹೋಗಲಿ ಎಂದು ಕಾಯಬೇಕು ಅನ್ನಿಸಿತು, ಕಾಯಲಿಲ್ಲ. ಕೆಂಪು ಹಾಕಿದವಳು ನಾನು, ಊರ ತುಂಬ ಮಾತಾಡಿದವಳೂ ನಾನು, ತಪ್ಪಾಯಿತು ತಮ್ಮಾ ಅಂದೆ. ಅವನು ಪಾನಾ ಹಿಡಿದು ಯಾವುದೋ ನಟ್ಟು ಬಿಗಿಯುತ್ತಿದ್ದ. ಅದು ಬಿಗಿಯುವವರೆಗೂ ತಿರುಗಿ ನೋಡಲಿಲ್ಲ.

"ನನ್ನ ಕೇಳಿದ್ರ ನಾ ನಿಮ್ಮ ಮುಂದ ಹೊಸಾ ಡಬ್ಬಿ ಸೀಲ್ ಒಡದು ನೂಲು ಅದ್ದಿ ತೋರಸ್ತಿದ್ದೆ ಅಕ್ಕಾ," ಅಂದ. "ನನ್ನೊಬ್ಬನ್ನ ಬಿಟ್ಟು ಎಲ್ಲಾರಿಗೂ ಹೇಳಿದ್ರಿ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೂ ಎರಡು ಮಾತಾಡಲು ದಾರಿಯಾಗುತ್ತಿತ್ತು.

ಈ ಬೇಸಿಗೆಯಲ್ಲಿ ಮತ್ತೆ ಕೂಲಂಟ್ ಬದಲಿಸಲು ಅವನಲ್ಲಿಗೇ ಹೋಗಿದ್ದೆವು. ಸಂಘದ ಕೆಲಸ ಅವನಿಗೆ ಇನ್ನೂ ಸಿಕ್ಕಿಲ್ಲ, ಯಜಮಾನರು ಪ್ರತಿ ಮೀಟಿಂಗಿನಲ್ಲೂ ಅವನ ಹೆಸರು ಎತ್ತುತ್ತಾರೆ. ನಮಗಿಂತ ಮುಂಚೆ ಒಂದು ಗೂಡ್ಸ್ ಗಾಡಿ ಬಂದಿತ್ತು. ಮಿಸ್ತ್ರಿ ಹೊಸ ಡಬ್ಬಿ ತಂದು, ಅದರ ಸೀಲನ್ನು ಆ ಡ್ರೈವರನ ಮುಖದ ಹತ್ತಿರ ಹಿಡಿದ. ಡ್ರೈವರ್ ನಕ್ಕು, ನನಗ್ಯಾಕೆ ತೋರಿಸ್ತೀಯಾ, ಹಾಕು ಅಂದ. ಮಿಸ್ತ್ರಿ ನಗಲಿಲ್ಲ. ಅವನು ನೋಡಿದ ಮೇಲೆಯೇ ಸೀಲು ಒಡೆದು, ಬ್ಯಾಟರಿ ನೀರಿನ ಬಾಟಲಿಯ ಸೀಲನ್ನೂ ತೋರಿಸಿ, ಎರಡನ್ನೂ ಅವನ ಕಣ್ಣೆದುರೇ ಅಳೆದು ಬೆರೆಸಿದ. ಎಷ್ಟೋ ವರ್ಷಗಳಿಂದ ಅವನ ಶೆಡ್ಡಿಗೆ ಹೋಗುತ್ತಿದ್ದೇನೆ. ಅವನು ಯಾರಿಗೂ ಹೀಗೆ ತೋರಿಸಿದ್ದನ್ನು ಮೊದಲು ಕಂಡಿರಲಿಲ್ಲ.

ನಮ್ಮ ಸರದಿ ಬಂತು. ಇನ್ನೊಂದು ಡಬ್ಬಿ ತಂದು ನನ್ನ ಮುಂದೆ ಹಿಡಿದ. ಬೇಡ ತಮ್ಮಾ, ನನಗೆ ತೋರಿಸಬೇಡ, ನೀನು ಹಾಕು ಅಂದೆ.

"ನೋಡ್ರಿ ಅಕ್ಕಾ," ಅಂದ. "ನೀವು ನೋಡಿದ ಮ್ಯಾಲೆ ಹಾಕ್ತೀನಿ."

ಡಬ್ಬಿ ಹಿಡಿದು ಹಾಗೇ ನಿಂತ. ಯಜಮಾನರು ಬೇರೆ ಕಡೆ ಮುಖ ತಿರುಗಿಸಿದರು. ನಾನು ಬಗ್ಗಿ ಸೀಲು ನೋಡಿದೆ. ಸರಿ ಐತಿ ಅಂದೆ. ಆಮೇಲೆ ಅವನು ಮುಚ್ಚಳ ತಿರುವಿದ.